ಹೊಸ ವೈಎ ಪ್ಯಾರಾನಾರ್ಮಲ್ ರೊಮ್ಯಾನ್ಸ್ ಹುಡುಕೋದು ಹೇಗೆ, ವಿಮರ್ಶೆಯಲ್ಲಿ ಏನು ಹೇಳಬೇಕು?

ಹುಣ್ಣಿಮೆ_ಓದು

ಎರಡು ತಿಂಗಳಲ್ಲಿ ಒಂಬತ್ತು ಹೊಸ ವೈಎ ಪ್ಯಾರಾನಾರ್ಮಲ್ ರೊಮ್ಯಾನ್ಸ್, ಅಂದರೆ ಹದಿಹರೆಯದವರಿಗೆ ಬರೆದ ಅಲೌಕಿಕ ಪ್ರೇಮಕತೆ, ಕೈಗೆತ್ತಿಕೊಂಡೆ. ಮುಗಿಸಿದ್ದು ಮೂರು. ಮುಗಿಸಿದ ಮೇಲೂ ತಲೆಯಲ್ಲಿ ಸುಳಿದಾಡುತ್ತಿರುವುದು ಒಂದೇ ಒಂದು. ಪುಸ್ತಕಗಳನ್ನೇ ದೂರಿ ಸುಮ್ಮನಾಗಬಹುದಿತ್ತು. ಆದರೆ ಒಂಬತ್ತರಲ್ಲಿ ಏಳನ್ನು ನಾನು ಆರಿಸಿದ್ದು ಬೇರೆಯವರ ವಿಮರ್ಶೆ ಓದಿ. ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ಮಾತು: ಎನಿಮೀಸ್ ಟು ಲವರ್ಸ್ (ಹಗೆಯಿಂದ ಒಲವಿಗೆ), ಸ್ಲೋ ಬರ್ನ್ (ನಿಧಾನವಾಗಿ ಅರಳುವ ಪ್ರೀತಿ), ಕೂತಲ್ಲೇ ಓದಿ ಮುಗಿಸಿದೆ, ಐದು ನಕ್ಷತ್ರ. ಹುಡುಗ ರಕ್ತಪಿಶಾಚಿಯೋ, ತೋಳನೋ, ದೇವದೂತನೋ ಅಂತ ಗೊತ್ತಾಗುತ್ತದೆ. ಅವನು ಅದಾಗಿರುವುದರಿಂದ ಆ ಪ್ರೀತಿಗೆ ಏನಾಯಿತು ಅಂತ ಯಾರೂ ಹೇಳುವುದಿಲ್ಲ.

ಆಮೇಲೆ ನನ್ನ ಹಳೆಯ ವಿಮರ್ಶೆಗಳನ್ನೂ ತೆಗೆದು ಓದಿದೆ. ನಾನೂ ಹೇಳಿರಲಿಲ್ಲ.

ಈಗ ಒಂದೇ ಪ್ರಶ್ನೆ ಇಟ್ಟುಕೊಂಡು ಓದುತ್ತಿದ್ದೇನೆ. ಅಲೌಕಿಕವನ್ನು ಕತೆಯಿಂದ ಕಿತ್ತು ತೆಗೆದರೆ ಪ್ರೇಮ ಅಲ್ಲಾಡದೆ ನಿಲ್ಲುತ್ತದಾ? ನಿಂತರೆ ಆ ಕೋರೆಹಲ್ಲು, ರೆಕ್ಕೆ ಎಲ್ಲ ಬರೀ ವೇಷ. ಮ್ಯಾಗಿ ಸ್ಟೀಫ್‌ವಾಟರ್ ಅವರ ‘ಶಿವರ್’ (2009) ನನಗೆ ಇವತ್ತಿಗೂ ಅಳತೆಗೋಲು. ಅಲ್ಲಿ ತೋಳವಾಗಲು ಹುಣ್ಣಿಮೆ ಬೇಕಿಲ್ಲ, ಚಳಿ ಸಾಕು. ಬೇಸಿಗೆಯಲ್ಲಿ ಮನುಷ್ಯ, ಚಳಿಗಾಲದಲ್ಲಿ ತೋಳ. ವರ್ಷ ಉರುಳಿದಂತೆ ಮನುಷ್ಯನಾಗಿರುವ ದಿನಗಳು ಕಡಿಮೆಯಾಗುತ್ತ ಬಂದು, ಕೊನೆಗೊಂದು ವರ್ಷ ತಿರುಗಿ ಬರುವುದೇ ಇಲ್ಲ. ಪ್ರತಿ ಅಧ್ಯಾಯದ ತಲೆಯ ಮೇಲೆ ಆ ಹೊತ್ತಿನ ಉಷ್ಣಾಂಶ ಅಚ್ಚಾಗಿದೆ. ಮೊದಲ ಸಲ ಓದುವಾಗ ಅದನ್ನು ಅಲಂಕಾರ ಅಂದುಕೊಂಡಿದ್ದೆ. ಅರ್ಧ ಪುಸ್ತಕ ದಾಟುವಷ್ಟರಲ್ಲಿ ಅಧ್ಯಾಯದ ಮೊದಲ ಸಾಲಿಗಿಂತ ಮುಂಚೆ ಕಣ್ಣು ಆ ಅಂಕಿಗೆ ಹೋಗುತ್ತಿತ್ತು, ಇಳಿದಿದ್ದರೆ ಎದೆ ಧಸಕ್ಕೆನ್ನುತ್ತಿತ್ತು. ಚಳಿಯನ್ನು ತೆಗೆದರೆ ಆ ಪುಸ್ತಕದಲ್ಲಿ ಕತೆಯೇ ಇಲ್ಲ.

ಹೊಸ ಪುಸ್ತಕಗಳಲ್ಲಿ ಇಂಥದ್ದು ಎಲ್ಲಿ ಸಿಗುತ್ತೆ? ನೀವೆಲ್ಲ ಹೇಗೆ ಹುಡುಕುತ್ತೀರಿ? ವಿಮರ್ಶೆ ಬರೆಯುವವರು ಯಾವುದನ್ನು ಬಿಡದೆ ಹೇಳುತ್ತೀರಿ?

ಹಕ್ಕುಪುಟ

ಹದಿಹರೆಯದವರ ವಿಭಾಗಕ್ಕೆ ಪುಸ್ತಕ ಆರಿಸೋದು ನನ್ನ ಕೆಲಸ, ಗ್ರಂಥಾಲಯದಲ್ಲಿ. ಹುಡುಕೋದರ ಬಗ್ಗೆ ನಾಲ್ಕು ಮಾತು ಹೇಳ್ತೀನಿ.

ಮೊದಲನೆಯದು, ಹೆಸರೇ ನಿಮ್ಮನ್ನ ದಾರಿ ತಪ್ಪಿಸ್ತಿದೆ. ಈ ಬಗೆಯ ಕತೆ ತುಂಬ ಮುಂಚಿನಿಂದ ಇದೆ. ಎಲ್.ಜೆ. ಸ್ಮಿತ್ ಅವರ ‘ದಿ ವ್ಯಾಂಪೈರ್ ಡೈರೀಸ್’ ಶುರುವಾಗಿದ್ದು 1991ರಲ್ಲಿ. ಆದರೆ ರಕ್ತಪಿಶಾಚಿ ಹುಡುಗನ ಪ್ರೇಮಕತೆ ‘ಟ್ವೈಲೈಟ್’ 2005ರಲ್ಲಿ ಬಂದು 2008ರ ಹೊತ್ತಿಗೆ ನಾಲ್ಕು ಭಾಗ ಆದ ಮೇಲೆ ಕಪಾಟಿನ ಚಹರೆಯೇ ಬದಲಾಯ್ತು. 2009 ಒಂದೇ ವರ್ಷ ನೋಡಿ: ‘ಶಿವರ್’, ‘ಹಷ್, ಹಷ್’, ‘ಫಾಲನ್’ ಮೂರೂ ಅದೇ ವರ್ಷದವು. ಕಪ್ಪು ಮುಖಪುಟ, ಬಿಳುಚಿಕೊಂಡ ಹುಡುಗಿ, ಹಾರುವ ಬಟ್ಟೆ. ಕೆಲವೇ ವರ್ಷದಲ್ಲಿ ಓದುಗರಿಗೂ ಸಂಪಾದಕರಿಗೂ ಸಾಕಾಯ್ತು. ಅಲೆ ಇಳಿದ ಮೇಲೆ ‘ಪ್ಯಾರಾನಾರ್ಮಲ್’ ಅನ್ನೋ ಹಣೆಪಟ್ಟಿ ಕಟ್ಟೋಕೆ ಪ್ರಕಾಶಕರು ಹಿಂಜರಿದರು. 2020ರಲ್ಲಿ ಟ್ರೇಸಿ ವುಲ್ಫ್ ಅವರ ‘ಕ್ರೇವ್’ ಬಂದು ರಕ್ತಪಿಶಾಚಿಗಳ ಶಾಲೆಗೆ ಮತ್ತೆ ಓದುಗರು ಸಿಕ್ಕಿದ ಮೇಲೂ ಎಷ್ಟೋ ಪುಸ್ತಕ ಫ್ಯಾಂಟಸಿ, ಹಾರರ್, ರೊಮ್ಯಾಂಟಸಿ (ಪ್ರೇಮ ಬೆರೆತ ಫ್ಯಾಂಟಸಿ) ಅಂತಲೇ ಕಪಾಟಿಗೆ ಹೋಗ್ತಿವೆ. ದೆವ್ವದ ಜೊತೆಗಿನ ಪ್ರೇಮಕತೆ ಬೇಕಾದರೆ ಹಾರರ್ ಸಾಲಲ್ಲೂ ಹುಡುಕಬೇಕು.

ಎರಡನೆಯದು, ಬೆನ್ನುಡಿ ಬಿಟ್ಟು ಹಕ್ಕುಸ್ವಾಮ್ಯದ ಪುಟ ತೆಗೀರಿ. ಅಮೆರಿಕದ ಪ್ರಕಾಶನವಾದರೆ ಎಷ್ಟೋ ಸಲ ಅಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್‌ನ ವಿಷಯಸೂಚಿ ಇರುತ್ತೆ, ಒಂದೆರಡು ಸಾಲಿನ ಸಾರಾಂಶವೂ ಇರುತ್ತೆ. ಆ ಸಾರಾಂಶದಲ್ಲಿ ‘ಮೈನವಿರೇಳಿಸುವ’, ‘ಉಸಿರು ಬಿಗಿಹಿಡಿಯುವ’ ಯಾವುದೂ ಇರಲ್ಲ. ಯಾರು, ಏನಾದರು, ಏನು ಮಾಡಬೇಕಾಗಿ ಬಂತು, ಅಷ್ಟೇ. ವಿಷಯಸೂಚಿಯಲ್ಲಿ ‘ಸೂಪರ್‌ನ್ಯಾಚುರಲ್’, ‘ಘೋಸ್ಟ್ಸ್’, ‘ಲವ್’ ಅಂತ ಇದ್ದರೆ ಅದೇ ಪದ ಇಟ್ಟುಕೊಂಡು ಕ್ಯಾಟಲಾಗ್‌ನಲ್ಲಿ ಮುಂದಿನದನ್ನ ಹುಡುಕಬಹುದು.

ಮೂರನೆಯದು ನನಗೆ ತುಂಬ ಇಷ್ಟದ ದಾರಿ. ಮೆಚ್ಚಿದ ಪುಸ್ತಕದ ಕೊನೇಲಿ ಕೃತಜ್ಞತೆಯ ಪುಟ ಓದಿ, ಸಂಪಾದಕರ ಹೆಸರು ಬರೆದಿಟ್ಟುಕೊಳ್ಳಿ. ಅದೇ ಹೆಸರು ಇನ್ನೊಬ್ಬ ಲೇಖಕರ ಕೃತಜ್ಞತೆಯಲ್ಲಿ ಕಂಡರೆ ಕಣ್ಣುಮುಚ್ಚಿ ತಗೊಳ್ತೀನಿ. ಸಂಪಾದಕರ ಅಭಿರುಚಿ ಲೇಖಕರಿಂದ ಲೇಖಕರಿಗೆ ದಾಟುತ್ತೆ.

ಕೊನೆಯದಾಗಿ ಪ್ರಶಸ್ತಿ ಪಟ್ಟಿಗಳು. ವಿಲಿಯಂ ಸಿ. ಮಾರಿಸ್ ಪ್ರಶಸ್ತಿ 2009ರಿಂದ ಇದೆ, ಹದಿಹರೆಯದವರಿಗೆ ಮೊದಲ ಪುಸ್ತಕ ಬರೆದ ಲೇಖಕರಿಗೆ ಅಂತಲೇ. ಹೊಸ ಹೆಸರುಗಳು ಅಂತಿಮ ಸುತ್ತಿನ ಪಟ್ಟಿಯಲ್ಲೇ ಸಿಕ್ಕಿಬಿಡ್ತವೆ. ‘ಟೀನ್ಸ್ ಟಾಪ್ ಟೆನ್’ ಪಟ್ಟಿಗೆ ಹೆಸರು ಸೂಚಿಸೋರೂ ಮತ ಹಾಕೋರೂ ಹದಿಹರೆಯದವರೇ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ದೊಡ್ಡವರು ಮೆಚ್ಚಿದ್ದಕ್ಕೂ ಮಕ್ಕಳು ಮೆಚ್ಚಿದ್ದಕ್ಕೂ ಎಷ್ಟು ಅಂತರ ಅಂತ ಗೊತ್ತಾಗುತ್ತೆ.

ಪುಟ_ಅರವತ್ತು

ಹಕ್ಕುಪುಟ ಅವರೇ, ಕೃತಜ್ಞತೆಯ ಪುಟದ ವಿಷಯ ನೂರಕ್ಕೆ ನೂರು ನಿಜ.

ನಾನು ಮುಂಗಡ ಪ್ರತಿಗಳ ಬಗ್ಗೆ ಬರೀತೀನಿ, ಯಾಕಂದ್ರೆ ಹೊಸ ಪುಸ್ತಕದ ವಿಮರ್ಶೆ ಅಂತ ನಾವು ಓದೋದರಲ್ಲಿ ದೊಡ್ಡ ಪಾಲು ಎಆರ್‌ಸಿ, ಅಂದ್ರೆ ಬಿಡುಗಡೆಗೆ ಮುಂಚೆ ಕೊಡೋ ಪ್ರತಿ, ಓದಿದವರು ಬರೆದದ್ದು. ಇಂಥ ಪ್ರತಿಗಳನ್ನ ಕೊಡೋ ಜಾಲತಾಣ ನೆಟ್‌ಗ್ಯಾಲಿ 2008ರಿಂದ ಇದೆ. ಅಲ್ಲಿ ಪ್ರತಿ ಕೇಳೋದು ಸುಲಭ, ಕೊಟ್ಟಷ್ಟಕ್ಕೂ ಅಭಿಪ್ರಾಯ ಬರೆಯೋದು ಕಷ್ಟ. ತೆಗೆದುಕೊಂಡದ್ದರಲ್ಲಿ ಶೇ. 80ಕ್ಕಾದರೂ ಅಭಿಪ್ರಾಯ ಬರೆಯಿರಿ ಅನ್ನೋದು ಅವರ ಸಲಹೆ. ನಾನು ಮೊದಲ ವರ್ಷ ಆಸೆಗೆ ಬಿದ್ದು ಮೂವತ್ತಕ್ಕೂ ಹೆಚ್ಚು ತಗೊಂಡೆ. ಲೆಕ್ಕ ಸರಿ ಮಾಡೋಕೆ ಅಂತ ಅರ್ಧ ಓದಿದ ಪುಸ್ತಕಕ್ಕೂ ಎರಡು ಸಾಲು ಗೀಚಿದೆ. ಅಂಥ ಎರಡು ಸಾಲನ್ನ ನಂಬಿ ಯಾರೋ ಒಬ್ಬರು ಪುಸ್ತಕ ಕೊಂಡಿರ್ತಾರೆ ಅನ್ನೋದು ಆಗ ಹೊಳೀಲಿಲ್ಲ.

ಇನ್ನೊಂದು ಪ್ರಸಂಗ. ಒಂದು ಸರಣಿಯ ಮೊದಲ ಭಾಗ ಓದಿದೆ. ಹುಡುಗಿ ಬೇಡ ಅಂತ ಮೂರು ಸಲ ಹೇಳಿದ ಮೇಲೂ ಹುಡುಗ ಅವಳ ನೆನಪನ್ನ ಅಳಿಸ್ತಾನೆ, ಮುಂದೆ ಇಡೀ ಪುಸ್ತಕ ಅದನ್ನ ಒಲವು ಅಂತಲೇ ತೋರಿಸುತ್ತೆ. ಇದನ್ನ ನೇರವಾಗಿ ಬರೆದೆ. ಪ್ರಚಾರ ನೋಡಿಕೊಳ್ಳೋರಿಂದ ಮರ್ಯಾದೆಯಾಗೇ ಒಂದು ಮೇಲ್ ಬಂತು, ಮೂರು ನಕ್ಷತ್ರಕ್ಕಿಂತ ಕಡಿಮೆ ಇದ್ದರೆ ಬಿಡುಗಡೆ ಆಗೋವರೆಗೂ ತಡೆದು ಹಾಕ್ತೀರಾ ಅಂತ. ನಾನು ತಡೆದೆ. ಬಿಡುಗಡೆಯ ವಾರ ಪೂರ್ತಿ ಹೊಗಳಿಕೆ ಮಾತ್ರ ಕಾಣ್ತಿತ್ತು, ನನ್ನದು ಬಂದದ್ದು ಎಲ್ಲರೂ ಕೊಂಡಾದ ಮೇಲೆ. ಅವತ್ತಿನಿಂದ ನಾನು ಯಾರಿಗೂ ತಡೆಯಲ್ಲ. ಮುಂಗಡ ಪ್ರತಿ ಪುಕ್ಕಟೆ ಬಂತು ಅಂತ ಮೊದಲ ಸಾಲಲ್ಲೇ ಬರೀತೀನಿ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2009ರಲ್ಲೇ ಬ್ಲಾಗಿಗರಿಗೂ ಈ ಮಾತು ಹೇಳಿದೆ. ಆದರೆ ನಿಯಮ ಇರಲಿ ಬಿಡಲಿ, ಓದುಗರಿಗೆ ಅದು ಗೊತ್ತಿರಬೇಕು.

ಹಾಂ, ಎಆರ್‌ಸಿಯಿಂದ ಸಾಲು ಎತ್ತಿ ಹಾಕೋರು ಅಚ್ಚಾದ ಪ್ರತಿಯ ಜೊತೆ ತಾಳೆ ನೋಡಿ ಹಾಕಿ. ಅದು ಅಂತಿಮ ತಿದ್ದುಪಡಿ ಆಗದ ಪಠ್ಯ. ಒಬ್ಬ ಲೇಖಕಿಯ ಒಂದು ವಾಕ್ಯದ ಮೇಲೆ ಅರ್ಧ ಪುಟ ಸಿಟ್ಟು ಮಾಡಿಕೊಂಡಿದ್ದೆ. ಅಚ್ಚಿನಲ್ಲಿ ಆ ವಾಕ್ಯ ಇರಲೇ ಇಲ್ಲ.

ನನ್ನ ಹೆಸರಿನ ಗುಟ್ಟು: ಎಂಥ ಪುಸ್ತಕಕ್ಕೂ ಅರವತ್ತು ಪುಟ ಕೊಡ್ತೀನಿ. ಬಿಟ್ಟರೆ ಡಿಎನ್‌ಎಫ್ (ಓದಿ ಮುಗಿಸಲಿಲ್ಲ) ಅಂತ ಬರೆದು, ಯಾವ ಪುಟದಲ್ಲಿ ಯಾಕೆ ಬಿಟ್ಟೆ ಅಂತಲೂ ಬರೀತೀನಿ. ನಕ್ಷತ್ರ ಕೊಡಲ್ಲ.

ಬಾಗಿಲ_ಸಂದಿ_ಬೆಳಕು

ನನ್ನ ಮಗಳಿಗೆ ಹದಿನಾರು. ರಾತ್ರಿ ಅವಳ ಕೋಣೆಯ ಬಾಗಿಲ ಸಂದಿಯಲ್ಲಿ ಬೆಳಕು ಕಂಡರೆ ಓದುತ್ತಿದ್ದಾಳೆ ಅಂತ ಗೊತ್ತು. ಹೆಚ್ಚಿನ ಪಾಲು ಇಂಥವೇ. ನಾನು ತಡೆಯುವುದಿಲ್ಲ, ನಾನೂ ಓದುತ್ತೇನೆ, ಇಬ್ಬರೂ ಮಾತಾಡುತ್ತೇವೆ.

‘ಟ್ವೈಲೈಟ್’ನಲ್ಲಿ ಹುಡುಗಿ ಮಲಗಿದಾಗ ಆ ರಕ್ತಪಿಶಾಚಿ ಹುಡುಗ ಅವಳ ಕೋಣೆಗೆ ಬಂದು ನೋಡುತ್ತ ಕೂರುತ್ತಾನಲ್ಲ, ಅವಳಿಗೆ ಗೊತ್ತಿಲ್ಲದೆ. ಅವಳ ವಯಸ್ಸು ಹದಿನೇಳು. ಅವನು 1918ರಿಂದ ಹದಿನೇಳರಲ್ಲೇ ನಿಂತವನು. ಇಪ್ಪತ್ತು ವರ್ಷ ಆಯಿತು, ಅದೇ ದೃಶ್ಯ ಬಟ್ಟೆ ಬದಲಿಸಿಕೊಂಡು ಎಷ್ಟು ಹೊಸ ಪುಸ್ತಕಗಳಲ್ಲಿ ಬಂದಿದೆ ಅಂತ ನಾನು ಲೆಕ್ಕ ಇಟ್ಟಿಲ್ಲ. ವಿಮರ್ಶೆಯಲ್ಲಿ ಯಾರಾದರೂ ಒಂದು ಸಾಲು ಬರೆದಿದ್ದರೆ, ಓದುವ ಮೊದಲೇ ಮಗಳ ಜೊತೆ ಆ ಮಾತು ಎತ್ತುತ್ತಿದ್ದೆ. ಪುಸ್ತಕ ಕಿತ್ತುಕೊಳ್ಳಲು ಅಲ್ಲ. ಹೊಸ ಪುಸ್ತಕ ಹುಡುಕುವವರಲ್ಲಿ ತಾಯಂದಿರೂ ಇದ್ದೇವೆ, ದಯವಿಟ್ಟು ಇದನ್ನು ಬರೆಯಿರಿ.

ತಡರಾತ್ರಿ

ಬಾಗಿಲ ಸಂದಿ ಬೆಳಕು ಅವರೇ, ನಿಮ್ಮ ಕಳಕಳಿ ಅರ್ಥವಾಗುತ್ತದೆ, ಆದರೂ ಒಂದು ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಭಯ ಈ ಪ್ರಕಾರಕ್ಕೆ ಹೊರಗಿಂದ ಬಂದು ಸೇರಿದ ಕಲ್ಮಶ ಅಲ್ಲ, ಹುಟ್ಟಿನಿಂದಲೇ ಇದೆ. ‘ಡ್ರಾಕುಲಾ’ (1897) ಬರುವ ಕಾಲು ಶತಮಾನ ಮೊದಲೇ, 1871-72ರಲ್ಲಿ ಶೆರಿಡನ್ ಲೆ ಫಾನು ‘ಕಾರ್ಮಿಲಾ’ ಬರೆದರು. ಒಂಟಿ ಹುಡುಗಿ, ಅವಳ ಮನೆಗೆ ಬಂದು ಉಳಿಯುವ ಇನ್ನೊಬ್ಬ ಹುಡುಗಿ, ರಾತ್ರಿ ಹಾಸಿಗೆಯ ಬಳಿ ಬರುವ ನೆರಳು. ಆ ಹುಡುಗಿಗೆ ಸೆಳೆತವೂ ಹೇಸಿಗೆಯೂ ಒಟ್ಟೊಟ್ಟಿಗೆ ಆಗುತ್ತದೆ, ಯಾವುದು ಯಾವುದೆಂದು ಬೇರ್ಪಡಿಸಲು ಅವಳಿಗೆ ಆಗುವುದಿಲ್ಲ. ಮೊದಲ ಪ್ರೀತಿಯಲ್ಲಿ ಇರುವ ದಿಗಿಲು ಇದೇ ಅಲ್ಲವೇ? ಇನ್ನೊಬ್ಬರು ನಮ್ಮನ್ನು ಪೂರ್ತಿ ನುಂಗಿಬಿಡುತ್ತಾರೇನೋ, ನಾವೇ ನುಂಗಿಸಿಕೊಳ್ಳಲು ತಯಾರಾಗಿದ್ದೇವೇನೋ ಎಂಬ ದಿಗಿಲು. ಅದನ್ನು ಹೇಳಲು ಸಾಮಾನ್ಯ ಹುಡುಗನ ಕತೆಗೆ ಆಗದಿದ್ದಾಗ ರಕ್ತಪಿಶಾಚಿ ಬೇಕಾಗುತ್ತಾನೆ.

ಹಾಗಾಗಿ ಭಯ ಇದೆಯೋ ಇಲ್ಲವೋ ಎಂದು ನಾನು ಕೇಳುವುದಿಲ್ಲ. ಇದು ಭಯ ಎಂದು ಪುಸ್ತಕಕ್ಕೆ ಗೊತ್ತಿದೆಯೇ ಎಂದು ಕೇಳುತ್ತೇನೆ. ‘ಟ್ವೈಲೈಟ್’ನ ಕತೆಯನ್ನೇ ಹುಡುಗನ ಕಣ್ಣಿಂದ ಹೇಳಿದ ‘ಮಿಡ್‌ನೈಟ್ ಸನ್’ (2020) ಓದಿ ನೋಡಿ. ಜೀವಶಾಸ್ತ್ರದ ತರಗತಿಯಲ್ಲಿ ಅವಳ ಪಕ್ಕ ಕೂತು, ಸಾಕ್ಷಿ ಉಳಿಯದಂತೆ ಇಡೀ ತರಗತಿಯನ್ನು ಕೊಲ್ಲುವುದು ಹೇಗೆ ಎಂದು ಅವನು ಲೆಕ್ಕ ಹಾಕುತ್ತಾನೆ. ಹುಡುಗಿಯ ಕಡೆಯಿಂದ ಬರೀ ದುರುಗುಟ್ಟಿದ ನೋಟವಾಗಿದ್ದದ್ದು ಇಲ್ಲಿ ಬೇರೆಯೇ ತೂಕ ಪಡೆಯುತ್ತದೆ. ಪುಟ ಅರವತ್ತು ಅವರು ಹೇಳಿದ ನೆನಪು ಅಳಿಸುವ ಹುಡುಗನ ತೊಂದರೆಯೂ ಇದೇ. ಅಳಿಸಿದ್ದಕ್ಕಿಂತ, ಅಳಿಸಿದ್ದರಿಂದ ಅವಳಿಗೆ ಏನು ಹೋಯಿತು ಎಂದು ಪುಸ್ತಕ ಒಮ್ಮೆಯೂ ತಿರುಗಿ ನೋಡಲಿಲ್ಲ ಎಂಬುದೇ ದೊಡ್ಡ ತಪ್ಪು.

ಬಾಗಿಲ_ಸಂದಿ_ಬೆಳಕು

ತಡರಾತ್ರಿ ಅವರೇ, ‘ಇದು ಭಯ ಎಂದು ಪುಸ್ತಕಕ್ಕೆ ಗೊತ್ತಿದೆಯೇ’ ಎಂಬುದನ್ನು ಬರೆದಿಟ್ಟುಕೊಂಡೆ. ಆದರೂ ನನ್ನ ಕೋರಿಕೆ ಹಾಗೇ ಇದೆ. ಪುಸ್ತಕಕ್ಕೆ ಗೊತ್ತಿದ್ದರೂ ಓದುವ ಮಗುವಿಗೆ ಆ ದೃಶ್ಯ ಬೇರೆ ಕಾರಣಕ್ಕೆ ಭಾರವಾಗಬಹುದು. ಸ್ಪಾಯ್ಲರ್ ಆಗದ ಹಾಗೆ ಒಂದು ಸಾಲಿನ ಮುನ್ಸೂಚನೆ ಇದ್ದರೆ ಯಾರಿಗೂ ನಷ್ಟವಿಲ್ಲ.

ಹದಿನೇಳು_ನಿಜವಾಗ್ಲೂ

ನಂಗೆ ನಿಜವಾಗ್ಲೂ ಹದಿನೇಳು. ದೊಡ್ಡೋರೆಲ್ಲ ಮಾತಾಡ್ತಿದ್ದೀರಿ, ನಾನೂ ಒಂದೆರಡು ಹೇಳ್ಲಾ?

ಹುಡುಗ ಅಪಾಯ ಅಂತ ನಮಗೆ ಗೊತ್ತಾಗುತ್ತೆ. ಓದೋವಾಗ್ಲೇ ಗೊತ್ತಾಗುತ್ತೆ. ಪುಸ್ತಕದೊಳಗೆ ಭಯ ಪಡೋಕೆ ಅಂತಲೇ ನಾನು ಇದನ್ನ ಓದೋದು, ಅಲ್ಲಿ ಭಯ ಆದ್ರೆ ಪುಸ್ತಕ ಮುಚ್ಚಬಹುದು. ನಂಗೆ ಬೇಜಾರಾಗೋದು ಬೇರೆ ವಿಷಯಕ್ಕೆ. ಮೊದಲನೇ ಅಧ್ಯಾಯದಲ್ಲಿ ಹುಡುಗಿಗೆ ಒಬ್ಬಳು ಗೆಳತಿ ಇರ್ತಾಳೆ. ಚೆನ್ನಾಗಿ ಮಾತಾಡ್ತಾಳೆ, ನಗಿಸ್ತಾಳೆ. ಆಮೇಲೆ ಅವನು ಬರ್ತಾನೆ. ಐವತ್ತು ಪುಟ ಆದ್ಮೇಲೆ ಆ ಗೆಳತಿ ಎಲ್ಲಿ? ಫೋನ್ ಕೂಡ ಬರಲ್ಲ. ಕೊನೇಲಿ ಸಾಯಿಸೋಕೆ ಅಂತ ಒಂದ್ಸಲ ಕರ್ಕೊಂಡ್ ಬರ್ತಾರೆ.

ನಾನು ಪುಸ್ತಕದ ಹಿಂದಿನ ಹಾಳೆಯಲ್ಲಿ ಪೆನ್ಸಿಲ್‌ನಲ್ಲಿ ಬರೀತೀನಿ, ಗೆಳತಿ ಕೊನೇ ಸಲ ಬಂದ ಪುಟ ಯಾವ್ದು ಅಂತ. 48. 61. 39. ಒಂದು ಪುಸ್ತಕದಲ್ಲಿ ಮಾತ್ರ ಕೊನೇ ಪುಟದ ನಂಬರ್ ಬರ್ದಿದ್ದೀನಿ. ವಿಮರ್ಶೆಯಲ್ಲಿ ಇದನ್ನ ಯಾರೂ ಹೇಳಲ್ಲ. ಹೇಳಿದ್ರೆ ನಾನು ಅದನ್ನೇ ನೋಡಿ ಪುಸ್ತಕ ಆರಿಸ್ತೀನಿ.

ಇನ್ನೊಂದು. ಕೆಲವು ಪುಸ್ತಕ ವೈಎ ಅಂತ ಇರುತ್ತೆ, ಒಳಗೆ ಎಲ್ಲರೂ ಇಪ್ಪತ್ತೈದರ ಹಾಗೆ ಮಾತಾಡ್ತಾರೆ. ಪರೀಕ್ಷೆ ಇಲ್ಲ, ಮನೇಲಿ ಯಾರೂ ಕೇಳಲ್ಲ. ಅದು ನಮ್ಮ ಪುಸ್ತಕ ಅಲ್ಲ ಅನ್ಸುತ್ತೆ.

ಹಕ್ಕುಪುಟ

ಹದಿನೇಳು, ನಿಮ್ಮ ಪೆನ್ಸಿಲ್ ಲೆಕ್ಕ ನನ್ನ ಕೆಲಸಕ್ಕೇ ಬೇಕು. ಮುಂದಿನ ಸಲ ಪುಸ್ತಕ ಆರಿಸುವಾಗ ನಾನೂ ಇದನ್ನ ನೋಡ್ತೀನಿ. ವೈಎ ಅಂತ ಹನ್ನೆರಡರಿಂದ ಹದಿನೆಂಟರವರಿಗೆ ಬರೆದದ್ದು, ಕಪಾಟು ಮಾತ್ರ ಅದನ್ನು ಕೊಳ್ಳುವ ದೊಡ್ಡವರ ಕಡೆ ವಾಲ್ತಾ ಇದೆ. ನೀವು ಹೇಳಿದ ಪುಸ್ತಕಗಳು ಆ ವಾಲುವಿಕೆಯಿಂದಲೇ ಬಂದವು ಅನ್ನೋದು ನನ್ನ ಅನಿಸಿಕೆ.

ನೆರಳಿಲ್ಲದವರು

ಹುಣ್ಣಿಮೆ ಓದು ಅವರ ಮೊದಲ ಪ್ರಶ್ನೆಗೆ ಮತ್ತೆ ಬರುತ್ತೇನೆ. ಯಾವ ಜೀವಿ ಎಂಬುದರ ಮೇಲೆ ಪ್ರೇಮಕ್ಕೆ ಬೀಳುವ ಏಟು ಬೇರೆಯಾಗಬೇಕು. ವಿಮರ್ಶೆಗೆ ಕೂರುವಾಗ ನಾನು ನೋಡುವುದು ಇದನ್ನೇ.

ರಕ್ತಪಿಶಾಚಿಯದ್ದು ಕಾಲದ ತೊಂದರೆ. ಅವನಿಗೆ ವಯಸ್ಸಾಗದು, ಅವಳಿಗೆ ಆಗುತ್ತದೆ. ಹದಿನೇಳರವಳಿಗೆ ಮುಂದಿನ ವರ್ಷವೇ ಬೆಟ್ಟದಷ್ಟು ದೂರ ಕಾಣುವಾಗ, ‘ಎಂದೆಂದಿಗೂ’ ಎಂದು ಒಬ್ಬ ಹೇಳಿದರೆ ಅದರ ತೂಕ ಏನು? ತೋಳನದ್ದು ಮೈಯ ತೊಂದರೆ, ತನ್ನ ಮೈ ತನ್ನ ಮಾತು ಕೇಳದ ವಯಸ್ಸಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜಾನಪದದ ಫೇ (ಯಕ್ಷರಂಥ ಮಾಯಾಜೀವಿ) ಸುಳ್ಳು ಹೇಳಲಾರದು, ಆದರೆ ನಿಜವನ್ನೇ ತಿರುಚಿ ಮೋಸ ಮಾಡಬಲ್ಲದು. ಅದರ ಜೊತೆಗಿನ ಪ್ರೇಮದಲ್ಲಿ ಪ್ರತಿ ಮಾತನ್ನೂ ಎರಡು ಸಲ ತೂಗಬೇಕು, ಬರಹಗಾರರ ವಾಕ್ಯವೂ ಅಷ್ಟು ಚುರುಕಾಗಿರಬೇಕು. ಫೇ ರಾಜಕುಮಾರ ಬರೀ ಸುಂದರನಾಗಿದ್ದು ಮಾತು ಮಂದವಾಗಿದ್ದರೆ ನಾನು ಅಲ್ಲೇ ಪುಸ್ತಕ ಬದಿಗಿಡುತ್ತೇನೆ.

ನನಗೆ ಎಲ್ಲಕ್ಕಿಂತ ಹತ್ತಿರದ್ದು ದೆವ್ವದ ಪ್ರೇಮ. ಅದರ ತೊಂದರೆ ಸ್ಪರ್ಶ. ಜೊತೆಗೆ, ಅವನಿಗೆ ಬಿಡುಗಡೆ ಸಿಗಲಿ ಎಂದು ಬಯಸುವುದೂ ಅವನನ್ನು ಕಳೆದುಕೊಳ್ಳುವುದೂ ಒಂದೇ ಆಗಿಬಿಡುತ್ತದೆ. ಏಡನ್ ಥಾಮಸ್ ಅವರ ‘ಸೆಮೆಟರಿ ಬಾಯ್ಸ್’ (2020) ಓದಿದವರಿಗೆ ನೆನಪಿರಬಹುದು. ತನ್ನನ್ನು ಹುಡುಗ ಎಂದು ಮನೆಯವರು ಪೂರ್ತಿ ಒಪ್ಪದಿದ್ದಾಗ, ಯಾಡ್ರಿಯಲ್ ಎಂಬ ಟ್ರಾನ್ಸ್ ಹುಡುಗ ತಾನು ಬ್ರೂಹೋ (ಗಂಡು ಮಾಂತ್ರಿಕ) ಎಂದು ತೋರಿಸಲು ಒಂದು ಆತ್ಮವನ್ನು ಕರೆಯುತ್ತಾನೆ. ಬಂದದ್ದು ಬೇರೆಯೇ ಹುಡುಗ, ಬಂದವನು ಹೋಗಲು ಒಪ್ಪುವುದಿಲ್ಲ. ಅಲ್ಲಿ ಅಲೌಕಿಕವನ್ನು ತೆಗೆದರೆ ಪ್ರೇಮ ಮಾತ್ರ ಅಲ್ಲ, ಮನೆಯವರ ಜೊತೆಗಿನ ಜಗಳವೂ ಕುಸಿಯುತ್ತದೆ. ಮಂತ್ರ ಫಲಿಸಿತು ಎಂದರೆ ಆ ಶಕ್ತಿ ಕೊಡುವ ದೇವಿ ಅವನನ್ನು ಹುಡುಗ ಎಂದು ಒಪ್ಪಿದಳು ಎಂದೇ ಅರ್ಥ. ಒಂದು ಘಟನೆ ಎರಡು ಕೆಲಸ ಮಾಡುವುದು ಇಂಥ ಪುಸ್ತಕದಲ್ಲಿ. ಅದನ್ನು ಓದಿದಾಗ ನನಗೆ ಮೂವತ್ತು ದಾಟಿತ್ತು. ಹದಿನಾರರಲ್ಲಿ ಸಿಕ್ಕಿದ್ದರೆ ಎಂದು ಪುಸ್ತಕ ಎದೆಗವಚಿಕೊಂಡು ಬಹಳ ಹೊತ್ತು ಕೂತಿದ್ದೆ.

ಪುಟ_ಅರವತ್ತು

ನೆರಳಿಲ್ಲದವರು ಬರೆದದ್ದನ್ನ ಓದಿ ನನ್ನ ಹಳೇ ಟಿಪ್ಪಣಿ ತೆಗೆದೆ. ದೇವದೂತರ ಕತೆಗಳನ್ನ ನಾನು ಸಾಲಾಗಿ ಬಿಟ್ಟಿದ್ದೀನಿ. ಯಾಕೆ ಅಂತ ಈಗ ಗೊತ್ತಾಯ್ತು. ಅವನು ಸ್ವರ್ಗದಿಂದ ಬಿದ್ದ ಅಂತಾರೆ, ಬಿದ್ದದ್ದರಿಂದ ಅವನಿಗೆ ಏನು ಹೋಯ್ತು ಅಂತ ಹೇಳಲ್ಲ. ಬೆನ್ನ ಮೇಲೆ ಎರಡು ಗಾಯದ ಗುರುತು ಇರುತ್ತೆ, ನೋವು ಇರಲ್ಲ.

ಹುಣ್ಣಿಮೆ_ಓದು

ಎಲ್ಲರಿಗೂ ಮನಸ್ಸು ತುಂಬಿ ಧನ್ಯವಾದ. ನಿನ್ನೆ ರಾತ್ರಿ ಕೂತು, ಆ ಒಂಬತ್ತರಲ್ಲಿ ನಾನು ನಾಲ್ಕು ನಕ್ಷತ್ರ ಕೊಟ್ಟಿದ್ದ ಒಂದು ಪುಸ್ತಕದ ವಿಮರ್ಶೆ ತಿದ್ದಿದೆ. ಮೊದಲು ಬರೆದದ್ದು ಹೀಗಿತ್ತು: ‘ಮೋಡಿ ಮಾಡುವ ವಾತಾವರಣ, ನಿಗೂಢ ನಾಯಕ, ನಿಧಾನವಾಗಿ ಅರಳುವ ಪ್ರೀತಿ. ಎರಡನೇ ಭಾಗಕ್ಕೆ ಕಾಯುತ್ತಿದ್ದೇನೆ.’

ಈಗ ಬರೆದದ್ದು:

‘ಪ್ರಕಾಶಕರಿಂದ ಉಚಿತ ಮುಂಗಡ ಪ್ರತಿ ಪಡೆದು ಓದಿದೆ. ನಾಯಕ ಮುಟ್ಟಿದರೆ ಎದುರಿನವರ ಮೈ ತಣ್ಣಗಾಗುತ್ತದೆ ಎಂಬುದು ಇಲ್ಲಿನ ನಿಯಮ. ಮೊದಲ ನೂರು ಪುಟ ಈ ನಿಯಮವನ್ನು ಲೇಖಕಿ ಬಹಳ ಎಚ್ಚರದಿಂದ ಕಾಯುತ್ತಾರೆ. ಕೈಗವಸು ತೊಟ್ಟು ಇಬ್ಬರೂ ಒಂದೇ ಪುಸ್ತಕದ ಎರಡು ಅಂಚು ಹಿಡಿದು ಓದುವ ದೃಶ್ಯ ನನಗೆ ಮರೆಯದು. ಆಮೇಲೆ ಮೊದಲ ಮುತ್ತಿಗಾಗಿ ನಿಯಮ ಕಾರಣವಿಲ್ಲದೆ ಸಡಿಲವಾಗುತ್ತದೆ, ಅವರಿಬ್ಬರ ನಡುವೆ ಕಟ್ಟಿದ ಬಿಗಿ ಅಲ್ಲಿಗೇ ಹೋಗುತ್ತದೆ. ನಾಯಕಿಯನ್ನು ಅವಳಿಗೆ ತಿಳಿಯದಂತೆ ಹಿಂಬಾಲಿಸುವ ದೃಶ್ಯ ಎರಡು ಕಡೆ ಇದೆ. ಒಂದನ್ನು ಅವಳು ಮುಂದೆ ಪ್ರಶ್ನಿಸುತ್ತಾಳೆ, ಇನ್ನೊಂದನ್ನು ಪುಸ್ತಕ ಮರೆತಿದೆ. ಗೆಳತಿ ಕೊನೆಯ ಸಲ ಕಾಣುವುದು 74ನೇ ಪುಟದಲ್ಲಿ.’

ನಕ್ಷತ್ರ ಮೂರಕ್ಕೆ ಇಳಿಸಿದೆ. ಆದರೆ ಇದನ್ನು ಬರೆದ ಮೇಲೆ ಆ ಕೈಗವಸಿನ ದೃಶ್ಯಕ್ಕಾಗಿ ಪುಸ್ತಕದ ಮೇಲೆ ಪ್ರೀತಿ ಹೆಚ್ಚಾಯಿತು. ಆ ಲೇಖಕಿಯ ಮುಂದಿನದನ್ನು ಖಂಡಿತ ಓದುತ್ತೇನೆ.

ತಡರಾತ್ರಿ

ಈ ವಿಮರ್ಶೆ ಓದಿ ಪುಸ್ತಕ ತೆಗೆದುಕೊಳ್ಳಬೇಕೆನಿಸಿತು, ಮೂರು ನಕ್ಷತ್ರ ಇದ್ದರೂ. ಒಂದು ಸಲಹೆ. ‘ಕಾರಣವಿಲ್ಲದೆ ಸಡಿಲವಾಗುತ್ತದೆ’ ಎಂದಿರಿ. ಎರಡನೇ ಭಾಗದಲ್ಲಿ ಕಾರಣ ಬರಬಹುದು, ಸರಣಿಗಳಲ್ಲಿ ಹಾಗೆ ಮುಚ್ಚಿಡುವುದುಂಟು. ‘ಈ ಭಾಗದಲ್ಲಿ ಕಾರಣ ಸಿಗುವುದಿಲ್ಲ’ ಎಂದರೆ ನ್ಯಾಯವಾಗಿರುತ್ತದೆ.

ಹುಣ್ಣಿಮೆ_ಓದು

ಸರಿಯಾದ ಮಾತು. ಈಗಲೇ ತಿದ್ದಿದೆ.

ಬಾಗಿಲ_ಸಂದಿ_ಬೆಳಕು

ಹಿಂಬಾಲಿಸುವ ದೃಶ್ಯದ ಸಾಲು ಸೇರಿಸಿದ್ದಕ್ಕೆ ಕೃತಜ್ಞತೆ, ಹುಣ್ಣಿಮೆ ಓದು ಅವರೇ. ನಾನು ಕೇಳಿದ್ದು ಇಷ್ಟನ್ನೇ. ಮಗಳಿಗೆ ತೋರಿಸಿದೆ. ಅವಳು ಮೊದಲು ಕೇಳಿದ್ದು, ‘ಕೈಗವಸಿನ ದೃಶ್ಯ ಯಾವ ಪುಟದಲ್ಲಿ?’

ಹದಿನೇಳು_ನಿಜವಾಗ್ಲೂ

ನನ್ನ ಪೆನ್ಸಿಲ್ ಲೆಕ್ಕ ವಿಮರ್ಶೆಯಲ್ಲಿ ನೋಡಿ ಎಷ್ಟು ಖುಷಿಯಾಯ್ತು ಗೊತ್ತಾ!

ಹಕ್ಕುಪುಟ ಅವ್ರು ಹೇಳಿದ ಹಾಗೆ ನನಗಿಷ್ಟದ ಪುಸ್ತಕದ ಕೃತಜ್ಞತೆ ಪುಟದಿಂದ ಸಂಪಾದಕರ ಹೆಸರು ಹಿಡ್ಕೊಂಡು ಹೊಸದೊಂದು ತಂದಿದ್ದೀನಿ, ದೆವ್ವದ ಕತೆ, ಹಾರರ್ ಸಾಲಲ್ಲಿತ್ತು. ಈಗ 112ನೇ ಪುಟದಲ್ಲಿದ್ದೀನಿ. ಗೆಳತಿ ಇನ್ನೂ ಇದ್ದಾಳೆ. ದೆವ್ವ ಅವಳಿಗೂ ಕಾಣ್ತಿದೆ, ನಾಯಕಿಗೆ ಹೇಳಿಲ್ಲ.